ಗ್ಯಾಂಬಿಯಾದ ಗೋಲಿ, ನೈಜರ್‌ನ ಕತ್ತಲೆ

ಚುನಾವಣೆ ಡ್ಯೂಟಿ ಮಾಡಿದವರಿಗೆ ಆ ಬೀಪ್ ಸದ್ದು ಚೆನ್ನಾಗಿ ಗೊತ್ತಿರುತ್ತದೆ. ಮತದಾರರು ಗುಂಡಿ ಒತ್ತುತ್ತಾರೆ, ಮಷಿನ್ ಉದ್ದಕ್ಕೆ ಬೀಪ್ ಅನ್ನುತ್ತದೆ, ನಾವು ಮುಂದಿನವರನ್ನು ಒಳಗೆ ಬಿಡುತ್ತೇವೆ. ನಾನು ಮೇಷ್ಟ್ರು. ಐದು ಚುನಾವಣೆಗಳಲ್ಲಿ ದಿನವಿಡೀ ಆ ಸದ್ದು ಕೇಳುತ್ತಾ ಕೂತಿದ್ದೇನೆ. ಮಷಿನ್ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಮುಗಿಸಿ ಅಪರಾತ್ರಿಯಲ್ಲಿ ಮನೆಗೆ ಬಂದು ಮಲಗಿದರೂ ಕಿವಿಯಲ್ಲಿ ಅದೇ ಇರುತ್ತದೆ.

ಅದಕ್ಕೇ ಇರಬೇಕು, ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಮತ ಹಾಕುವ ರೀತಿಯನ್ನು ಮೊದಲ ಸಲ ಓದಿದಾಗ ಆ ದೇಶ ನನಗೆ ತುಂಬ ಹತ್ತಿರದ್ದು ಅನ್ನಿಸಿತು. ಅಲ್ಲಿ ಮತ ಹಾಕುವುದು ಗೋಲಿಯಲ್ಲಿ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದೆವಲ್ಲ, ಅದೇ ಗಾಜಿನ ಗೋಲಿ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬಣ್ಣದ ತಗಡಿನ ಡ್ರಮ್ಮು, ಅದರ ಮೇಲೆ ಅವರ ಫೋಟೊ. ಮತದಾರರು ಮರೆಯಲ್ಲಿ ಹೋಗಿ ಗೋಲಿಯನ್ನು ಡ್ರಮ್ಮಿನ ಕೊಳವೆಯೊಳಗೆ ಬಿಡುತ್ತಾರೆ. ಅದು ಉರುಳಿ ಒಳಗಿರುವ ಗಂಟೆಗೆ ತಾಗಿ ಟಿಣ್ ಅನ್ನುತ್ತದೆ. ಹೊರಗೆ ಕೂತ ಅಧಿಕಾರಿ ಆ ಸದ್ದಿಗೇ ಕಿವಿ ಕೊಟ್ಟಿರುತ್ತಾರೆ. ಎರಡು ಸಲ ಕೇಳಿಸಿದರೆ ಏನೋ ಮೋಸ ನಡೆದಿದೆ ಅಂತ ಅರ್ಥ. ಡ್ರಮ್ಮಿನ ತಳಕ್ಕೆ ಮರಳೋ ಮರದ ಹೊಟ್ಟೋ ಹಾಕಿರುತ್ತಾರೆ, ಕೆಳಗೆ ಬಿದ್ದ ಗೋಲಿ ಮತ್ತೆ ಸದ್ದು ಮಾಡಬಾರದು ಅಂತ. ಬೆಲ್ ಸದ್ದಿನಿಂದ ಗೊಂದಲ ಆಗುತ್ತದೆ ಅಂತ ಮತಗಟ್ಟೆ ಹತ್ತಿರ ಸೈಕಲ್ ಬಿಡುವುದಿಲ್ಲ. ಎಣಿಸುವುದಕ್ಕೆ ನಮ್ಮ ಅಳಗುಳಿ ಮಣೆಯ ಹಾಗೆ ಗುಳಿ ಇರುವ ಹಲಗೆ ಇದೆ. ಗುಳಿಗೊಂದು ಗೋಲಿ, ಹಲಗೆ ತುಂಬಿದರೆ ಲೆಕ್ಕ ಸಿಕ್ಕಿತು. ಓದು ಬರಹ ಬಾರದವರೂ ಮತ ಹಾಕಲಿ ಅಂತ 1960ರ ದಶಕದಲ್ಲಿ ಶುರು ಮಾಡಿದ್ದು ಇದು.

ಇದನ್ನೆಲ್ಲ ಈಗ ಬರೆಯೋದಕ್ಕೆ ಒಂದು ಕಾರಣ ಇದೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: "ಒಂದು ದೇಶದಲ್ಲಿ ಗಲಾಟೆ ಆದ್ರೆ ಅಕ್ಕಪಕ್ಕದ ದೇಶದವರು ಯಾಕೆ ತಲೆ ಹಾಕ್ಬೇಕು ಸಾರ್? ಅವರವರ ಮನೆ ಅವರವರು ನೋಡ್ಕೊಳ್ಳಲಿ." ಆಫ್ರಿಕಾದ ಸುದ್ದಿ ಬಂದಾಗ ತುಂಬ ಜನ ಹೇಳುವ ಮಾತು ಇದು. ನಾನು ಅಲ್ಲೇ ಉತ್ತರ ಕೊಟ್ಟೆ, ಆದರೆ ಬೆಲ್ ಹೊಡೆಯಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

2016ರ ಡಿಸೆಂಬರ್ 1ರಂದು ಗ್ಯಾಂಬಿಯಾದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಯಾಹ್ಯಾ ಜಾಮೆ 1994ರಲ್ಲಿ ಸೈನ್ಯದ ದಂಗೆಯಿಂದ ಅಧಿಕಾರ ಹಿಡಿದವರು. ದೇವರು ಇಚ್ಛಿಸಿದರೆ ನೂರು ಕೋಟಿ ವರ್ಷ ಬೇಕಾದರೂ ಆಳುತ್ತೇನೆ ಅಂತ ಹಿಂದೊಮ್ಮೆ ಹೇಳಿದ್ದವರು. ಅವರ ಎದುರು ಗೆದ್ದದ್ದು ಅಡಾಮಾ ಬ್ಯಾರೋ. ಮರುದಿನ ಜಾಮೆ ಟಿವಿ ಕ್ಯಾಮೆರಾ ಮುಂದೆಯೇ ಬ್ಯಾರೋ ಅವರಿಗೆ ಫೋನ್ ಮಾಡಿ ಶುಭ ಕೋರಿದರು. ಇಡೀ ದೇಶ ರಸ್ತೆಗಿಳಿದು ಕುಣಿಯಿತು. ಅಷ್ಟರಲ್ಲಿ ಚುನಾವಣಾ ಆಯೋಗ ಲೆಕ್ಕದಲ್ಲಿ ಆದ ತಪ್ಪನ್ನು ಸರಿಪಡಿಸಿತು. ಗೆಲುವಿನ ಅಂತರ ಕಡಿಮೆಯಾದರೂ ಗೆದ್ದವರು ಬದಲಾಗಲಿಲ್ಲ. ಬ್ಯಾರೋ ಅವರಿಗೆ ಶೇ. 43, ಜಾಮೆಗೆ ಶೇ. 40ರ ಹತ್ತಿರ. ಜಾಮೆಗೆ ಅಷ್ಟು ನೆಪ ಸಾಕಾಯಿತು. ಡಿಸೆಂಬರ್ 9ರ ರಾತ್ರಿ ಟಿವಿಯಲ್ಲಿ ಕಾಣಿಸಿಕೊಂಡು ಫಲಿತಾಂಶ ಒಪ್ಪುವುದಿಲ್ಲ ಅಂದುಬಿಟ್ಟರು.

ಅದೇ ಡಿಸೆಂಬರ್ 9ರಂದು ಘಾನಾದಲ್ಲಿ ಅಧ್ಯಕ್ಷ ಜಾನ್ ಮಹಾಮಾ ತಮ್ಮ ಸೋಲನ್ನು ಒಪ್ಪಿಕೊಂಡು, ಗೆದ್ದವರಿಗೆ ಫೋನ್ ಮಾಡಿದರು. ನಾಲ್ಕು ದಿನ ಬಿಟ್ಟು, 13ನೇ ತಾರೀಕು, ಅದೇ ಮಹಾಮಾ ಗ್ಯಾಂಬಿಯಾದ ರಾಜಧಾನಿ ಬಂಜುಲ್‌ನಲ್ಲಿ ಇಳಿದರು. ಜೊತೆಗೆ ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ನೈಜೀರಿಯಾದ ಮುಹಮ್ಮದು ಬುಹಾರಿ, ಸಿಯೆರಾ ಲಿಯೋನ್‌ನ ಅರ್ನೆಸ್ಟ್ ಬಾಯ್ ಕೊರೋಮಾ. ನಾಲ್ವರೂ ಆಗ ಅವರವರ ದೇಶದ ಅಧ್ಯಕ್ಷರು; ಇಕೋವಾಸ್, ಅಂದರೆ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ಕಡೆಯಿಂದ ಬಂದವರು.

ಈ ನಾಲ್ವರನ್ನು ಸ್ವಲ್ಪ ಗಮನಿಸಿ. ಮಹಾಮಾ ಆಗ ತಾನೇ ಸೋತು ಕುರ್ಚಿ ಬಿಡುತ್ತಿದ್ದವರು. ಬುಹಾರಿ 2015ರಲ್ಲಿ ಅಧಿಕಾರದಲ್ಲಿದ್ದವರನ್ನು ಚುನಾವಣೆಯಲ್ಲಿ ಸೋಲಿಸಿ ಬಂದವರು, ಎರಡು ಅವಧಿ ಮುಗಿಸಿ 2023ರಲ್ಲಿ ಮನೆಗೆ ಹೋದರು. ಸರ್ಲೀಫ್ ಮತ್ತು ಕೊರೋಮಾ ಇಬ್ಬರೂ 2018ರಲ್ಲಿ ಎರಡು ಅವಧಿ ಮುಗಿಸಿ, ಗೆದ್ದ ವಿರೋಧ ಪಕ್ಷದವರಿಗೆ ಅಧಿಕಾರ ಬಿಟ್ಟುಕೊಟ್ಟರು. ಜಾಮೆ ಎದುರು ಕೂತು "ಕುರ್ಚಿ ಬಿಡಿ" ಅನ್ನುವ ಮಾತು ಇಂಥವರ ಬಾಯಲ್ಲಿ ಬಂದಾಗ ಅದಕ್ಕೊಂದು ತೂಕ ಇರುತ್ತದೆ, ಅಲ್ವಾ?

ಆ ಒಂದೂವರೆ ತಿಂಗಳು ಗ್ಯಾಂಬಿಯಾದ ಜನ ಬದುಕಿದ ರೀತಿ ನೆನೆಸಿಕೊಂಡರೆ ಸಂಕಟ ಆಗುತ್ತದೆ. 'ಗ್ಯಾಂಬಿಯಾ ನಿರ್ಧರಿಸಿದೆ' ಅಂತ ಬರೆದ ಟೀ ಶರ್ಟ್ ಹಾಕಿಕೊಂಡಿದ್ದಕ್ಕೆ ಹುಡುಗರನ್ನು ಹಿಡಿದು ಒಳಗೆ ಹಾಕಿದರು. ಸುಮಾರು 45,000 ಜನ ಗಂಟು ಮೂಟೆ ಕಟ್ಟಿಕೊಂಡು ಸೆನೆಗಲ್‌ಗೆ ಹೋದರು. ಬ್ಯಾರೋ ಅವರನ್ನೂ ಅಕ್ಕಪಕ್ಕದ ದೇಶದ ನಾಯಕರು ಸೆನೆಗಲ್‌ನಲ್ಲಿ ಇರಿಸಿಕೊಂಡರು. ಅವರು ಅಲ್ಲಿದ್ದಾಗಲೇ ಇತ್ತ ಊರಿನಲ್ಲಿ ಎಂಟು ವರ್ಷದ ಮಗನಿಗೆ ನಾಯಿ ಕಚ್ಚಿತು. ಮಗು ಉಳಿಯಲಿಲ್ಲ. ಮಗನ ಮಣ್ಣಿಗೂ ಅಪ್ಪನಿಗೆ ಬರಲು ಆಗಲಿಲ್ಲ. ಇದಾಗಿ ನಾಲ್ಕೇ ದಿನಕ್ಕೆ, 2017ರ ಜನವರಿ 19ರಂದು, ಸೆನೆಗಲ್ ರಾಜಧಾನಿ ಡಕಾರ್‌ನಲ್ಲಿರುವ ಗ್ಯಾಂಬಿಯಾ ರಾಯಭಾರ ಕಚೇರಿಯ ಒಂದು ಇಕ್ಕಟ್ಟಾದ ಕೋಣೆಯಲ್ಲಿ ನಿಂತು ಅವರು ಪ್ರಮಾಣ ವಚನ ತೆಗೆದುಕೊಂಡರು. ಆ ಮನುಷ್ಯ ಆ ಹೊತ್ತು ಹೇಗೆ ನಿಂತಿದ್ದರೋ ನನಗೆ ಊಹಿಸಲು ಆಗುವುದಿಲ್ಲ.

ಅದೇ ಸಂಜೆ ಇಕೋವಾಸ್ ಪರವಾಗಿ ಸೆನೆಗಲ್ ಸೈನ್ಯ ಗಡಿ ದಾಟಿತು. ಸೈನ್ಯ ಬಂದಿತು ಅಂದ ಮಾತ್ರಕ್ಕೆ ಯುದ್ಧ ಆಯಿತು ಅಂದುಕೊಳ್ಳಬೇಡಿ. ಗ್ಯಾಂಬಿಯಾದ ಸೇನಾ ಮುಖ್ಯಸ್ಥರೇ ನಮ್ಮ ಹುಡುಗರು ಇದಕ್ಕೆ ಹೊಡೆದಾಡುವುದಿಲ್ಲ ಅಂದರು. ಉಪಾಧ್ಯಕ್ಷೆ ರಾಜೀನಾಮೆ ಕೊಟ್ಟಾಗಿತ್ತು, ಮಂತ್ರಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು. ಸೈನ್ಯವನ್ನು ನಡುದಾರಿಯಲ್ಲೇ ನಿಲ್ಲಿಸಿ ಮತ್ತೆ ಮಾತುಕತೆ ನಡೆಸಿದರು. ಗಿನಿಯ ಅಧ್ಯಕ್ಷ ಆಲ್ಫಾ ಕೊಂಡೆ, ಮಾರಿಟೇನಿಯಾದ ಅಧ್ಯಕ್ಷರ ಜೊತೆ ಬಂಜುಲ್‌ಗೆ ಹೋದರು. ಜನವರಿ 21ರ ರಾತ್ರಿ ಜಾಮೆ ವಿಮಾನ ಹತ್ತಿದರು. ಜನ ಹಾಕಿದ ಗೋಲಿಗೆ ಬೆಲೆ ಸಿಕ್ಕಿತು.

ಪಕ್ಕದ ಮನೆಯವರು ಯಾಕೆ ತಲೆ ಹಾಕಬೇಕು ಅನ್ನುವವರಿಗೆ ನನ್ನ ಉತ್ತರ ಇದೇ. ಅಲ್ಲಿ ಕರೆದದ್ದು ಮತ ಹಾಕಿದ ಜನ. ಕರೆದಾಗ ಬರದಿದ್ದರೆ ಅವರು ಎಂಥ ನೆರೆಯವರು?

ಹಾಗಾದರೆ ನೈಜೀರಿಯಾದ ಪಕ್ಕದ ದೇಶ ನೈಜರ್‌ನಲ್ಲಿ ಅದೇ ಒಕ್ಕೂಟ ಯಾಕೆ ಸೋತಿತು?

2023ರ ಜುಲೈ 26. ನೈಜರ್ ಅಧ್ಯಕ್ಷ ಮೊಹಮದ್ ಬಝೂಮ್ ಅವರನ್ನು ಕಾಯಬೇಕಾದ ಪಡೆಯೇ ಮನೆಯಲ್ಲಿ ಕೂಡಿಹಾಕಿತು. ಅವರು 2021ರಲ್ಲಿ ಗೆದ್ದು ಬಂದವರು. ಆ ದೇಶದಲ್ಲಿ ಚುನಾಯಿತ ಅಧ್ಯಕ್ಷರೊಬ್ಬರು ಇನ್ನೊಬ್ಬ ಚುನಾಯಿತರಿಗೆ ಶಾಂತಿಯಿಂದ ಅಧಿಕಾರ ಕೊಟ್ಟದ್ದು ಅದೇ ಮೊದಲು. ನಾಲ್ಕು ದಿನಕ್ಕೆ ಇಕೋವಾಸ್ ನಾಯಕರು ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಸೇರಿ, ಬಝೂಮ್ ಅವರಿಗೆ ಅಧಿಕಾರ ವಾಪಸ್ ಕೊಡಿ, ಇಲ್ಲದಿದ್ದರೆ ಸೈನ್ಯ ಬಳಸಬೇಕಾದೀತು ಅಂತ ಒಂದು ವಾರದ ಗಡುವು ಕೊಟ್ಟರು. ನೈಜೀರಿಯಾದ ಬೋಲಾ ಟಿನುಬು ಒಕ್ಕೂಟದ ಅಧ್ಯಕ್ಷರಾಗಿ ಒಂದು ತಿಂಗಳೂ ಆಗಿರಲಿಲ್ಲ. ಗಡಿ ಬಂದ್, ಬ್ಯಾಂಕ್ ವ್ಯವಹಾರ ಬಂದ್. ನೈಜೀರಿಯಾ ಕರೆಂಟನ್ನೂ ನಿಲ್ಲಿಸಿತು. ನೈಜರ್‌ಗೆ ಬೇಕಾದ ಕರೆಂಟಿನಲ್ಲಿ ಸುಮಾರು ಶೇ. 70ರಷ್ಟು ಬರುತ್ತಿದ್ದದ್ದೇ ಅಲ್ಲಿಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ದಂಗೆ ಮಾಡಿದ ಜನರಲ್ ಮನೆಯಲ್ಲಿ ಜನರೇಟರ್ ಓಡುತ್ತದೆ. ಕತ್ತಲಾದದ್ದು ರಾಜಧಾನಿ ನಿಯಾಮೆಯ ಟೈಲರ್ ಅಂಗಡಿ, ಕೋಲ್ಡ್ ಡ್ರಿಂಕ್ ಮಾರುವವರ ಫ್ರಿಜ್ಜು, ಮಕ್ಕಳು ಓದುವ ಕೋಣೆ. ನೈಜರ್‌ಗೆ ಸಮುದ್ರ ಇಲ್ಲ. ಸಾಮಾನೆಲ್ಲ ಬೆನಿನ್ ದೇಶದ ಕೊಟೊನು ಬಂದರಿನಿಂದ ಬರಬೇಕು. ಮಲನ್‌ವಿಲ್ ಅನ್ನುವ ಗಡಿ ಊರಲ್ಲಿ, ನದಿಯ ಸೇತುವೆ ಹತ್ತಿರ, ಲಾರಿಗಳು ಮೈಲುಗಟ್ಟಲೆ ನಿಂತವು. ನೈಜರ್‌ನ ಗಾಲ್ಮಿ ಕಡೆಯ ನೇರಳೆ ಬಣ್ಣದ ಈರುಳ್ಳಿ ಪಶ್ಚಿಮ ಆಫ್ರಿಕಾದ ಎಷ್ಟೋ ದೇಶಗಳ ಅಡುಗೆ ಮನೆಗೆ ಹೋಗುತ್ತದೆ. ಗಡಿ ಮುಚ್ಚಿದರೆ ಆ ರೈತನ ಗತಿ ಏನು? ಈರುಳ್ಳಿ ಎಷ್ಟು ದಿನ ಕಾಯುತ್ತದೆ ಅಂತ ನಮ್ಮ ರೈತರನ್ನೇ ಕೇಳಿ ನೋಡಿ. ಗಡಿಯ ಎರಡೂ ಕಡೆ ಇರುವವರು ಒಂದೇ ಹೌಸಾ ಭಾಷೆಯವರು, ಹೆಣ್ಣು ಕೊಟ್ಟು ತಂದವರು. ನೈಜೀರಿಯಾದ ಸೆನೆಟ್ ಕೂಡ ಯುದ್ಧಕ್ಕೆ ಒಪ್ಪಲಿಲ್ಲ. ಗಡುವು ಮುಗಿಯಿತು, ಏನೂ ಆಗಲಿಲ್ಲ. ದಿನ ಕಳೆದ ಹಾಗೆ ಜನರ ಸಿಟ್ಟು ದಂಗೆಕೋರರನ್ನು ಬಿಟ್ಟು ಒಕ್ಕೂಟದ ಕಡೆ ತಿರುಗಿತು.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಒಂದು ಫೋಟೊ. ದಂಗೆಯಾದ ನಾಲ್ಕನೇ ದಿನಕ್ಕೆ ಸಂಧಾನ ಅಂತ ನಿಯಾಮೆಗೆ ಹೋಗಿ ಬಝೂಮ್ ಪಕ್ಕ ಕೂತು ಫೋಟೊ ತೆಗೆಸಿಕೊಂಡವರು ಚಾಡ್‌ನ ಮಹಮತ್ ಡೆಬಿ. ಚಾಡ್ ಇಕೋವಾಸ್‌ನಲ್ಲಿ ಇಲ್ಲ, ಬರೀ ನೆರೆಯ ದೇಶ. ಈ ಡೆಬಿ 2021ರಲ್ಲಿ ಅಪ್ಪ ತೀರಿಕೊಂಡಾಗ, ಸಂವಿಧಾನವನ್ನು ಪಕ್ಕಕ್ಕಿಟ್ಟು, ಸೇನಾ ಮಂಡಳಿಯ ಹೆಸರಿನಲ್ಲಿ ಅಧಿಕಾರಕ್ಕೆ ಬಂದವರು. ಆಗ ಇಡೀ ಖಂಡದ ದೇಶಗಳು ಸೇರಿದ ಆಫ್ರಿಕನ್ ಒಕ್ಕೂಟ ಚಾಡ್ ಅನ್ನು ಅಮಾನತು ಮಾಡಲಿಲ್ಲ. ಬಂಜುಲ್‌ಗೆ ಬಂದ ಆ ನಾಲ್ವರ ಜಾಗದಲ್ಲಿ ಇಲ್ಲಿ ಬಂದವರು ಇವರು. ದಂಗೆಕೋರರಿಗೆ ಇವರು ಹೇಳಬಹುದಾದದ್ದಾದರೂ ಏನು?

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಇದು ಒಬ್ಬರ ಕಥೆಯಲ್ಲ. ಜಾಮೆಯನ್ನು ಒಪ್ಪಿಸಿದ ಅದೇ ಆಲ್ಫಾ ಕೊಂಡೆ 2020ರಲ್ಲಿ ಸಂವಿಧಾನ ಬದಲಿಸಿ ಮೂರನೇ ಸಲ ಅಧ್ಯಕ್ಷರಾದರು. ವಿರೋಧಿಸಿದ ಹುಡುಗರು ಗುಂಡೇಟಿಗೆ ಸತ್ತರು. ಮರುವರ್ಷ ಸೈನ್ಯ ಅವರನ್ನು ಇಳಿಸಿದಾಗ ಗಿನಿಯ ರಾಜಧಾನಿ ಕೊನಾಕ್ರಿಯಲ್ಲಿ ಜನ ಸಿಳ್ಳೆ ಹೊಡೆದರು. ಐವರಿ ಕೋಸ್ಟ್‌ನ ವಟ್ಟಾರಾ ಅವರದ್ದೂ 2020ರಲ್ಲಿ ಮೂರನೇ ಅವಧಿಯೇ. ಗ್ಯಾಂಬಿಯಾಕ್ಕೆ ಸೈನ್ಯ ಕಳಿಸಿದ್ದ ಸೆನೆಗಲ್‌ನ ಮ್ಯಾಕಿ ಸಾಲ್ 2024ರಲ್ಲಿ ತಮ್ಮದೇ ದೇಶದ ಚುನಾವಣೆಯನ್ನು ಕೊನೇ ಗಳಿಗೆಯಲ್ಲಿ ಮುಂದೂಡಲು ಹೊರಟರು. ತಡೆದದ್ದು ಅಲ್ಲಿನ ಸಾಂವಿಧಾನಿಕ ಮಂಡಳಿ, ರಸ್ತೆಗಿಳಿದ ಯುವಕರು. ಬೂಟು ಹಾಕಿದವರು ಸಂವಿಧಾನ ಮುರಿದರೆ ನಿರ್ಬಂಧ, ಸೂಟು ಹಾಕಿದವರು ಮುರಿದರೆ ಅಭಿನಂದನೆಯ ಪತ್ರ. ಜನಕ್ಕೆ ಇದು ಕಾಣುವುದಿಲ್ಲವಾ?

2015ರಲ್ಲಿ ಇಕೋವಾಸ್ ಮುಂದೆ ಒಂದು ಪ್ರಸ್ತಾಪ ಇತ್ತು. ಯಾವ ಸದಸ್ಯ ದೇಶದಲ್ಲೂ ಯಾರೂ ಎರಡು ಅವಧಿಗಿಂತ ಜಾಸ್ತಿ ಆಳಬಾರದು ಅಂತ. ಒಪ್ಪದೆ ನಿಂತದ್ದು ಎರಡು ದೇಶ, ಜಾಮೆಯ ಗ್ಯಾಂಬಿಯಾ ಮತ್ತು 1967ರಿಂದ ಒಂದೇ ಕುಟುಂಬ ಆಳುತ್ತಿರುವ ಟೋಗೊ. ಪ್ರಸ್ತಾಪ ಅಲ್ಲೇ ಬಿದ್ದುಹೋಯಿತು. ನನ್ನ ಪ್ರಕಾರ ನೈಜರ್‌ನ ಸೋಲು ಶುರುವಾದದ್ದು ಆ ದಿನವೇ. ಎರಡು ದೇಶದ ಮಾತಿಗೆ ಉಳಿದವರು ಸುಮ್ನೆ ತಲೆಬಾಗಬಾರದಿತ್ತು.

ನೈಜರ್, ಅದರ ಹಾಗೇ ಸೈನ್ಯದ ಕೈಗೆ ಹೋಗಿದ್ದ ಮಾಲಿ, ಬುರ್ಕಿನಾ ಫಾಸೊ ಮೂರೂ ಸೇರಿ 2024ರ ಜನವರಿಯಲ್ಲಿ ಒಕ್ಕೂಟ ಬಿಡುತ್ತೇವೆ ಅಂದವು. ಮುಂದಿನ ತಿಂಗಳು ನಿರ್ಬಂಧ ಸಡಿಲಿಸಿದರು. ತಡವಾಗಿತ್ತು. 2025ರ ಜನವರಿ 29ಕ್ಕೆ ಮೂರೂ ಅಧಿಕೃತವಾಗಿ ಹೊರಬಿದ್ದವು. ಮಹಾಮಾ ಮಾತ್ರ ಅದೇ ತಿಂಗಳು, ಮತ್ತೆ ಚುನಾವಣೆ ಗೆದ್ದು, ಘಾನಾದ ಅಧ್ಯಕ್ಷರಾದರು. ಆ ಮೂರು ದೇಶಗಳ ಜೊತೆ ಮಾತಾಡಲೆಂದೇ ಒಬ್ಬ ಪ್ರತಿನಿಧಿಯನ್ನು ನೇಮಿಸಿದರು. ಸೋತಾಗ ಸೋತೆ ಅಂದವರು ಅವರು. ಅವರ ಮಾತು ನಡೆಯಲಿ ಅಂತ ನನಗೆ ತುಂಬಾ ಆಸೆ ಇದೆ.

ಬಝೂಮ್ ಮತ್ತು ಅವರ ಹೆಂಡತಿಯನ್ನು ಕೂಡಿಹಾಕಿ 2025ರ ಜುಲೈಗೆ ಎರಡು ವರ್ಷ ತುಂಬಿತು. ಆಗಲೂ ಬಿಟ್ಟಿರಲಿಲ್ಲ. ಅಷ್ಟು ದಿನವೂ ಬಝೂಮ್ ರಾಜೀನಾಮೆಗೆ ಸಹಿ ಹಾಕಿರಲಿಲ್ಲ.