ಕಿರುಬೆರಳು ಎತ್ತಿದ ಮಗು

ನಮ್ಮ ಪುಟ್ಟಿಗೆ ಆಗ ಮೂರು ವರ್ಷ ತುಂಬಿ ಎರಡು ತಿಂಗಳು. ಆರು ತಿಂಗಳು ದಾವಣಗೆರೆಯ ಅಜ್ಜಿ ಮನೆಯಲ್ಲಿದ್ದು, ಓಣಿಯ ಅಂಗನವಾಡಿಗೆ ಹೋಗಿ, ನ್ಯೂಜಿಲೆಂಡಿಗೆ ವಾಪಸ್ ಬಂದಿದ್ದಳು. ಇಲ್ಲಿ ಹ್ಯಾಮಿಲ್ಟನ್ ಊರಿನ ಒಂದು ಶಿಶುವಿಹಾರಕ್ಕೆ ಸೇರಿಸಿದೆವು. ಎರಡನೇ ದಿನ ಮಧ್ಯಾಹ್ನ ಕರೆದುಕೊಂಡು ಬರಲು ಹೋದರೆ, ಯಾರದೋ ಚಡ್ಡಿ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದಳು. ಟೀಚರ್ ಒಳ್ಳೆಯವರು. ಸಮಾಧಾನವಾಗಿಯೇ ಹೇಳಿದರು: ಪರವಾಗಿಲ್ಲ, ಚಿಕ್ಕವಳು, ಹೇಳೋದು ಇನ್ನೂ ಗೊತ್ತಾಗಲ್ಲ.

ಕಾರಿನಲ್ಲಿ ಕೇಳಿದೆ, "ಯಾಕೆ ಪುಟ್ಟಿ, ಮಿಸ್‌ಗೆ ಹೇಳಲಿಲ್ವಾ?"

"ಹೇಳಿದೆ ಅಪ್ಪ." ಕಿರುಬೆರಳು ಎತ್ತಿ ತೋರಿಸಿದಳು. "ಹಿಂಗೆ ಹೇಳಿದೆ. ಮಿಸ್ ನಕ್ಕರು. ಅವರೂ ಹಿಂಗೆ ಮಾಡಿ ನನ್ನ ಬೆರಳು ಹಿಡ್ಕೊಂಡ್ರು."

ನನಗೆ ಅರ್ಥವಾಗಲು ಒಂದು ಸಿಗ್ನಲ್ ದಾಟಬೇಕಾಯಿತು. ಇಲ್ಲಿ ಮಕ್ಕಳು ಮಾತು ಕೊಡುವಾಗ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕುತ್ತಾರೆ. ಟೀಚರ್ ಪಾಪ, ಮಗು ಗೆಳೆತನಕ್ಕೆ ಬಂದಿದೆ ಅಂದುಕೊಂಡು ಪ್ರೀತಿಯಿಂದ ಬೆರಳು ಕೊಟ್ಟಿದ್ದಾರೆ. ಮಗು ಕಾದಿದೆ. ಮತ್ತೆ ಬೆರಳು ಎತ್ತಿದೆ. ಮತ್ತೆ ಅವರು ನಕ್ಕಿದ್ದಾರೆ. ಆಮೇಲೆ ತಡೆದುಕೊಳ್ಳೋಕೆ ಆಗಿಲ್ಲ.

ಒಂದಕ್ಕೆ ಒಂದು ಬೆರಳು, ಎರಡಕ್ಕೆ ಎರಡು ಬೆರಳು. ನಮ್ಮಲ್ಲಿ ಯಾವ ಟೀಚರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಗು ತನಗೆ ಗೊತ್ತಿದ್ದ ಅತ್ಯಂತ ಮರ್ಯಾದೆಯ ರೀತಿಯಲ್ಲೇ ಕೇಳಿತ್ತು. ಅದನ್ನು 'ಹೇಳೋದು ಗೊತ್ತಾಗಲ್ಲ' ಅಂದುಬಿಟ್ಟರಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಬೇಗ ಹೋಗಿ ಟೀಚರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ಒಳಗೆ ಹೋಗಿ ನಾವು ತುಂಬಿ ಕೊಟ್ಟಿದ್ದ ಫಾರಂ ತಂದರು. ಅದರಲ್ಲೊಂದು ಪುಟ ಪೂರ್ತಿ ಖಾಲಿ ಇತ್ತು. ಮನೆಯಲ್ಲಿ ನೀರಿಗೆ ಏನಂತೀರಿ, ಹಸಿವಾದರೆ ಮಗು ಏನನ್ನುತ್ತೆ, ನಿದ್ದೆ ಬಂದರೆ ಏನು ಮಾಡುತ್ತೆ, ಶೌಚಕ್ಕೆ ಹೇಗೆ ಕೇಳುತ್ತೆ, ಹೀಗೆ ಪ್ರಶ್ನೆಗಳು. ನಾನೂ ನನ್ನ ಹೆಂಡತಿಯೂ 'ಮನೆಭಾಷೆ: ಕನ್ನಡ' ಅಂತ ಬರೆದು, ಉಳಿದದ್ದನ್ನು ಬಿಟ್ಟಿದ್ದೆವು. ಅವಳಿಗೆ ಇಂಗ್ಲಿಷ್ ಬೇಗ ಬರಲಿ, ಕನ್ನಡದ ವಿಷಯ ಅವರಿಗೇಕೆ ಅನ್ನೋ ಯೋಚನೆ ನಮ್ಮದು. ತಪ್ಪು ಅರ್ಧ ನಮ್ಮದೂ ಆಗಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ತುಂಬಿದೆವು. ನೀರು, ಊಟ, ಸಾಕು, ಬೇಡ, ನೋವು, ನಿದ್ದೆ, ಒಂದಕ್ಕೆ. ಹತ್ತು ಮಾತು ಆಯಿತು. ಟೀಚರ್ ಅವನ್ನು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದರು. 'ನೋವು' ಅನ್ನೋ ಮಾತನ್ನು ನಾಲ್ಕು ಸಲ ಹೇಳಿಸಿಕೊಂಡು ಕಲಿತರು. ಮಗು ಬಿದ್ದಾಗ ಮೊದಲು ಬೇಕಾಗೋದು ಅದೇ ಮಾತಲ್ವಾ.

ಈ ದೇಶದ ಶಿಶುವಿಹಾರಗಳಿಗೆ 1996ರಲ್ಲಿ ಒಂದು ಪಠ್ಯಕ್ರಮ ಬಂತು. ಹೆಸರು 'ತೆ ಫಾರಿಕಿ'. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿ ನೇಯ್ದ ಚಾಪೆ ಅಂತ ಅರ್ಥ. 2017ರಲ್ಲಿ ಅದನ್ನು ಪರಿಷ್ಕರಿಸಿದರು. ಮೊದಲಿನದು ಮಾರ್ಗರೆಟ್ ಕಾರ್, ಹೆಲೆನ್ ಮೇ ಜೊತೆಗೆ ಮಾವೊರಿ ಕಡೆಯಿಂದ ಟಿಲಿ ರೀಡಿ, ತಾಮತಿ ರೀಡಿ ಕೂತು ಮಾಡಿದ್ದು. ಮಗುವಿನ ಮನೆ, ಭಾಷೆ, ಬಳಗ ಎಲ್ಲ ಸೇರಿಯೇ ಕಲಿಕೆ ನೇಯಬೇಕು ಅನ್ನೋದು ಅದರ ತಿರುಳು. ನನ್ನ ಹೆಂಡತಿ ಚಳ್ಳಕೆರೆ ಕಡೆಯವಳು. ಅರ್ಥ ಕೇಳಿದ ಕೂಡಲೇ, "ನಮ್ಮೂರಲ್ಲಾಗಿದ್ರೆ ಕಂಬಳಿ ಅಂತ ಹೆಸರಿಡ್ತಿದ್ರು" ಅಂದಳು.

ಮಾವೊರಿಯಲ್ಲಿ ಊಟಕ್ಕೆ 'ಕೈ' ಅನ್ನುತ್ತಾರೆ. ಶಿಶುವಿಹಾರಗಳಲ್ಲಿ ಇಂಗ್ಲಿಷ್ ಮಾತಾಡುವವರೂ ಇದೇ ಮಾತು ಬಳಸುತ್ತಾರೆ. ಟೀಚರ್ "ಕೈ ಟೈಮ್" ಅಂತ ಕೂಗಿದಾಗಲೆಲ್ಲ ನಮ್ಮ ಪುಟ್ಟಿ ಎರಡೂ ಕೈ ಮುಂದೆ ಚಾಚಿ ನಿಲ್ಲುತ್ತಿದ್ದಳಂತೆ. ಊಟಕ್ಕೆ ಮೊದಲು ಹೇಗೂ ಕೈ ತೊಳೆಯೋದು ಇದ್ದೇ ಇದೆ, ಹಾಗಾಗಿ ಇದು ಸರಿಹೋಯಿತು. ಆದರೆ ಎಲ್ಲವೂ ಇಷ್ಟು ಸುಲಭಕ್ಕೆ ಸರಿಹೋಗಲ್ಲ.

'ಪ್ಲೀಸ್' ವಿಷಯ ತಗೊಳ್ಳಿ. ನಮ್ಮ ಮಾತಿನಲ್ಲಿ ಅದಕ್ಕೆ ಬೇರೆ ಪದ ಬೇಕಿಲ್ಲ. "ನೀರು ಕೊಡ್ರಿ" ಅಂದರೆ ಆ 'ರಿ'ಯಲ್ಲೇ ಮರ್ಯಾದೆ ಇದೆ. "ಕೊಡಮ್ಮ" ಅಂದರೆ ಆ 'ಅಮ್ಮ'ನಲ್ಲೇ ಅಕ್ಕರೆ ಇದೆ. ಮಗು ಇದನ್ನು ಇಂಗ್ಲಿಷಿಗೆ ತಿರುಗಿಸಿ "ಗಿವ್ ವಾಟರ್" ಅಂದಾಗ 'ರಿ' ಉದುರಿಹೋಗುತ್ತೆ. ಕೇಳಿದವರಿಗೆ ಮಗು ದಬಾಯಿಸಿದ ಹಾಗೆ ಕಾಣುತ್ತೆ. ಇದನ್ನು ಹೇಳಿದಾಗ ಟೀಚರ್ ತುಂಬಾ ಹೊತ್ತು ಯೋಚಿಸಿದರು. ಹಿಂದೆ ಬಂದಿದ್ದ ಇಬ್ಬರು ಭಾರತದ ಮಕ್ಕಳ ಬಗ್ಗೆ 'ನಯ ಕಲಿಸಬೇಕು' ಅಂತ ಬರೆದಿಟ್ಟಿದ್ದರಂತೆ. ಆ ಮಕ್ಕಳಿಗೆ ನಯ ಇತ್ತು. ದಾರಿಯಲ್ಲಿ ಕಳೆದುಹೋಗಿತ್ತು ಅಷ್ಟೆ.

ಕಣ್ಣಿನದೂ ಹೀಗೇ. ದೊಡ್ಡವರು ಗದರಿದಾಗ ತಲೆ ತಗ್ಗಿಸಬೇಕು ಅಂತ ನಾವು ಬೆಳೆದಿದ್ದೇವೆ. ಎದುರು ನೋಡಿದರೆ "ಏನು ಕಣ್ಣು ಬಿಡ್ತೀಯಾ" ಅಂತ ಇನ್ನೊಂದು ಬೀಳುತ್ತಿತ್ತು. ಇಂಗ್ಲಿಷ್ ರೀತಿಯಲ್ಲಿ ಬೆಳೆದವರಿಗೆ ಕಣ್ಣು ತಪ್ಪಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತೆ. ಮಾವೊರಿ ಮನೆಗಳಲ್ಲೂ, ಸಮೋವಾ ದ್ವೀಪದಿಂದ ಬಂದವರ ಮನೆಗಳಲ್ಲೂ ಎಷ್ಟೋ ಕಡೆ ನಮ್ಮ ಹಾಗೇ, ತಲೆ ತಗ್ಗಿಸೋದೇ ಗೌರವ. ಅದು ಗೊತ್ತಿದ್ದ ಟೀಚರಿಗೆ ನಮ್ಮ ಮಗುವನ್ನು ಅರ್ಥ ಮಾಡಿಕೊಳ್ಳೋದು ಕಷ್ಟವಾಗಲಿಲ್ಲ.

ನಮ್ಮಿಂದಲೂ ತಪ್ಪಾಗಿದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಮೊಮ್ಮಗಳನ್ನು ಕರೆತರಲು ದಿನಾ ಹೋಗುತ್ತಿದ್ದರು. ಗೇಟಿನ ಹತ್ತಿರ ಬಂದ ಮಕ್ಕಳಿಗೆಲ್ಲ ತಲೆ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆಯೋದು. ಒಂದು ದಿನ ಮಾವೊರಿ ಅಜ್ಜಿಯೊಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು. ಅವರಲ್ಲಿ ತಲೆ ಅಂದರೆ 'ತಪು', ಪವಿತ್ರ. ಕೇಳದೆ ಮುಟ್ಟುವ ಹಾಗಿಲ್ಲ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಅಯ್ಯೋ, ಗೊತ್ತಿರಲಿಲ್ಲ ತಾಯಿ" ಅಂತ ಕೈ ಮುಗಿದರು. ಆಮೇಲೆ ನನಗೆ ಹೇಳಿದರು, "ಕಾಲು ತಾಗಿದ್ರೆ ನಾವು ಮುಟ್ಟಿ ಕಣ್ಣಿಗೊತ್ಕೊಳಲ್ವಾ, ಹಂಗೇ ಇರಬೇಕು ಕಣೋ." ಮಾರನೇ ದಿನದಿಂದ ಬೆನ್ನು ತಟ್ಟುತ್ತಿದ್ದರು. ಎಪ್ಪತ್ತರ ಹತ್ತಿರದ ಅಮ್ಮ ಒಂದೇ ದಿನದಲ್ಲಿ ಕಲಿತರು. ಹೇಳಿದವರು ಸಿಟ್ಟಿಲ್ಲದೆ ಹೇಳಿದ್ದರಿಂದ ಅದಾಯಿತು ಅಂತ ನನಗನ್ನಿಸುತ್ತೆ.

ಇಷ್ಟೆಲ್ಲ ಬರೆದದ್ದು ಇಲ್ಲಿಯದೇ ಚೆಂದ ಅನ್ನೋಕೆ ಅಲ್ಲ. ದೀಪಾವಳಿ ಬಂದರೆ ಇಲ್ಲೂ ಒಂದು ಸೀರೆ, ಒಂದು ತಟ್ಟೆ ಸಮೋಸ ಇಟ್ಟು ಭಾರತ ಮುಗಿಸುವವರು ಇದ್ದಾರೆ. ಸಮೋಸ ದಾವಣಗೆರೆಯ ನಮ್ಮ ಮನೆ ತಿಂಡಿಯೇ ಅಲ್ಲ. ನಮ್ಮದು ಮಂಡಕ್ಕಿ, ಮೆಣಸಿನಕಾಯಿ.

ಹೋದ ಜನವರಿಯಲ್ಲಿ ಊರಿಗೆ ಹೋಗಿದ್ದಾಗ ಅಕ್ಕನ ಅಂಗನವಾಡಿಯಲ್ಲಿ ಎರಡು ದಿನ ಕೂತಿದ್ದೆ. ಅಕ್ಕ ನ್ಯಾಮತಿ ತಾಲ್ಲೂಕಿನ ಒಂದು ಊರಲ್ಲಿ ಕಾರ್ಯಕರ್ತೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರೋದು ಇದೇ ತಾಲ್ಲೂಕಿನಲ್ಲಿ, ಸುತ್ತ ತಾಂಡಾಗಳಿವೆ. ಅವಳ ಹತ್ತಿರ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಲಂಬಾಣಿ ಮನೆಯವು.

ಬೆಳಿಗ್ಗೆ ಹತ್ತಕ್ಕೆ ಒಂದು ಹುಡುಗ ಬಾಗಿಲಲ್ಲೇ ನಿಂತು "ಯಾಡಿ, ಯಾಡಿ" ಅಂತ ಅಳುತ್ತಿದ್ದ. ಯಾಡಿ ಅಂದರೆ ಅಮ್ಮ. ಹೊಸದಾಗಿ ಸೇರಿದವನು. ಅಕ್ಕ ಒಂದು ಕೈಯಲ್ಲಿ ಹಾಜರಿ ಪುಸ್ತಕ ಹಿಡಿದುಕೊಂಡೇ ಎದ್ದು ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಯಾಡಿ ಬರ್ತಾಳೆ, ಬಾ ಕಂದಾ. ಪಾಣಿ ಬೇಕಾ? ಬಾಟಿ ತಿಂದ್ಯಾ?" ಪಾಣಿ ಅಂದರೆ ನೀರು, ಬಾಟಿ ಅಂದರೆ ರೊಟ್ಟಿ. ಹುಡುಗ ಅಳು ನಿಲ್ಲಿಸಿ ಅವಳ ಬಾಯನ್ನೇ ನೋಡಿದ. ಈ ಊರಿನವಳಲ್ಲದ ಹೆಂಗಸಿನ ಬಾಯಲ್ಲಿ ತನ್ನ ಮನೆ ಮಾತು ಬಂತಲ್ಲ ಅಂತ. ಆಮೇಲೆ ಅವಳ ಸೀರೆ ಸೆರಗು ಹಿಡಿದುಕೊಂಡು ಒಳಗೆ ಬಂದ. ನೀರು ಕೊಡುವಾಗ ಅಕ್ಕ "ಪಾಣಿ" ಅಂದಳು, ಲೋಟ ಕೈಗಿಡುವಾಗ "ನೀರು" ಅಂದಳು. ಎರಡೂ ಮಾತು ಒಂದೇ ಲೋಟದಲ್ಲಿ.

"ಎಲ್ಲಿ ಕಲಿತೆ ಅಕ್ಕ?" ಅಂದೆ.

"ನಮ್ ಸಹಾಯಕಿ ತಾಂಡಾದವಳೇ ಅಲ್ವೇನೋ. ಮೊದ್ಲು ವರ್ಷ ಮಕ್ಕಳು ಏನಂತಾವೆ ಅಂತ ತಿಳೀದೆ ನಾನೇ ಅತ್ತಿದೀನಿ. ಆಮೇಲೆ ಅವಳ ಹತ್ರ ಒಂದೊಂದೇ ಕೇಳ್ಕೊಂಡೆ."

ಯಾವ ಟ್ರೇನಿಂಗೂ ಇಲ್ಲದೆ, ಯಾರೂ ಬೆನ್ನು ತಟ್ಟದೆ ಅವಳು ಮಾಡಿದ್ದು, ಇಲ್ಲಿ ನ್ಯೂಜಿಲೆಂಡಿನ ಪಠ್ಯಕ್ರಮದಲ್ಲಿ ಬರೆದಿಟ್ಟದ್ದೇ. ಆದರೆ ಇಲ್ಲಿಯ ಟೀಚರಿಗೆ ಎರಡು ವರ್ಷ ದಾಟಿದ ಮಕ್ಕಳಾದರೆ ಸುಮಾರು ಹತ್ತು ಮಕ್ಕಳಿಗೆ ಒಬ್ಬರು ಅನ್ನೋ ಲೆಕ್ಕ ಇದೆ. ಅಕ್ಕನಿಗೆ ಮಕ್ಕಳ ಜೊತೆಗೆ ತೂಕ ಹಾಕೋದು, ಮೊಟ್ಟೆ ಲೆಕ್ಕ, ಗರ್ಭಿಣಿಯರ ಊಟ, ಮನೆ ಮನೆ ಸರ್ವೆ, ಪೋಷಣ್ ಟ್ರ್ಯಾಕರ್ ಆ್ಯಪ್, ಚುನಾವಣೆ ಬಂದರೆ ಮತದಾರರ ಪಟ್ಟಿ. 1975ರ ಅಕ್ಟೋಬರ್ 2ರಂದು ಈ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಐವತ್ತು ವರ್ಷದಲ್ಲಿ ಕೆಲಸ ಸೇರುತ್ತಾ ಹೋಯಿತು, ಮಾಡುವ ಕೈ ಹೆಚ್ಚಲಿಲ್ಲ. ಅಂಗನವಾಡಿಗೆ ಕೊಟ್ಟ 'ಚಿಲಿಪಿಲಿ' ಪುಸ್ತಕದ ಹಾಡು, ಕಥೆ, ಆಟ ಎಲ್ಲ ಅವಳಿಗೆ ಬಾಯಿಪಾಠ. ಅದನ್ನು ಆಡಿಸೋಕೆ ಹೊತ್ತು ಸಿಗಬೇಕಲ್ಲ.

ಅದೇ ಸಲ ಇನ್ನೊಂದು ನೋಡಿದೆ. ಬರೆಯೋಕೆ ಸಂಕಟ ಆಗುತ್ತೆ. ನನ್ನ ತಂಗಿಯ ಮಗನಿಗೆ ನಾಲ್ಕು ವರ್ಷ. ದಾವಣಗೆರೆಯಲ್ಲೇ ಎಲ್‌ಕೆಜಿ. ಆ ಶಾಲೆಯ ಹೆಸರು ಬೇಡ. ಒಂದು ಮಧ್ಯಾಹ್ನ ಆಟೋದಿಂದ ಇಳಿದಾಗ ಅವನ ಚಡ್ಡಿ ಒದ್ದೆಯಾಗಿತ್ತು. ಕಿರುಬೆರಳು ಎತ್ತಿದ್ದನಂತೆ. "ಮೇ ಐ ಗೋ ಟು ಟಾಯ್ಲೆಟ್ ಮಿಸ್" ಅಂತ ಪೂರ್ತಿ ಹೇಳುವವರೆಗೆ ಬಿಡಲ್ಲ ಅಂದರಂತೆ. ಅವನಿಗೆ 'ಮೇ ಐ' ಆದಮೇಲೆ ನೆನಪಾಗಲಿಲ್ಲ.

ಹ್ಯಾಮಿಲ್ಟನ್ನಿನ ಟೀಚರಿಗೆ ಆ ಬೆರಳಿನ ಅರ್ಥ ಗೊತ್ತಿರಲಿಲ್ಲ. ದಾವಣಗೆರೆಯ ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಅವರೂ ಚಿಕ್ಕವರಿದ್ದಾಗ ಅದೇ ಬೆರಳು ಎತ್ತಿದವರು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಿಂತರು. ಯಾಕೆ ಅಂದರೆ ತಂದೆ ತಾಯಿ ಕಟ್ಟಿದ ಫೀಸಿಗೆ ಇಂಗ್ಲಿಷ್ ಕೇಳಿಸಬೇಕು. ನಾನು ಆ ಟೀಚರನ್ನು ಒಬ್ಬರನ್ನೇ ಬೈಯೋದಿಲ್ಲ. ಫಾರಂನಲ್ಲಿ ಕನ್ನಡದ ಪುಟ ಖಾಲಿ ಬಿಟ್ಟ ನಾನೂ ಅದೇ ಆಸೆಯವನು.

ಮಾವೊರಿ ಜನ ಈ ದಾರಿಯಲ್ಲಿ ನಡೆದು ನೋಡಿದ್ದಾರೆ. ಶಾಲೆಯಲ್ಲಿ ತಮ್ಮ ಮಾತು ಆಡಿದ್ದಕ್ಕೆ ಪೆಟ್ಟು ತಿಂದ ತಲೆಮಾರು, ಮಕ್ಕಳಿಗಾದರೂ ಕಷ್ಟ ಬೇಡ ಅಂತ ಮನೆಯಲ್ಲಿ ಇಂಗ್ಲಿಷ್ ಆಡಿತು. ಮಾತಾಡುವ ಮಕ್ಕಳೇ ಇಲ್ಲದಂತಾಗುವ ಹೊತ್ತಿಗೆ ಹಿರಿಯರು ಎಚ್ಚೆತ್ತು, 1982ರಲ್ಲಿ ವೆಲ್ಲಿಂಗ್ಟನ್ ಹತ್ತಿರದ ವೈನುಯೊಮಾಟದಲ್ಲಿ ಮೊದಲ 'ಕೊಹಂಗ ರೆಯೊ' ತೆರೆದರು. ಭಾಷೆಯ ಗೂಡು ಅಂತ ಅರ್ಥ. ಅಜ್ಜಿಯರು ಕೂತು ಎಳೆ ಮಕ್ಕಳ ಜೊತೆ ಮಾವೊರಿಯಲ್ಲೇ ಮಾತಾಡಿದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ನಮ್ಮ ಕಡೆ ಗೂಡು ಇನ್ನೂ ಹಾಳಾಗಿಲ್ಲ. ಅಜ್ಜಿಯರು ಇದ್ದಾರೆ, ಮಾತು ಇದೆ. 2020ರ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಲ್ಲಿ ಕಲಿಸಿ ಅನ್ನುತ್ತೆ.

ಮನೆಮಾತು ಅಂದಾಗ ಕನ್ನಡ ಒಂದೇ ಅಂದುಕೊಂಡು ಸುಮ್ಮನಾಗೋದೂ ಸರಿಯಲ್ಲ. ನಾನು ಓದುವಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹತ್ತಿ ಮಿಲ್ಲುಗಳ ಊರು. ನನ್ನ ಬೆಂಚಿನಲ್ಲೇ ಮಂಡಕ್ಕಿ ಭಟ್ಟಿ ಕಡೆಯ ಉರ್ದು ಹುಡುಗ, ಮರಾಠಿ ಮನೆಯ ಹುಡುಗ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಹೋದರೆ ಎಷ್ಟೋ ಮನೆಗಳಲ್ಲಿ ತೆಲುಗು. ಒಂದೇ ಅಂಗನವಾಡಿಯಲ್ಲಿ ನೀರಿಗೆ ಮೂರು ಹೆಸರು ಇರಬಹುದು. ಉರ್ದು ಹುಡುಗ ನಮ್ಮ ಶಾಲೆಯಲ್ಲಿ ಮೊದಲ ವರ್ಷ ಪೂರ್ತಿ ಬಾಯಿ ಬಿಡಲಿಲ್ಲ. ಅವನಿಗೆ ಏನೂ ಬರಲ್ಲ ಅಂತ ನಾವೆಲ್ಲ ತಿಳಿದಿದ್ದೆವು. ಈಗ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತೆ.

ಇಲ್ಲಿ ಬಂದ ಮೇಲೆ ಅಕ್ಕನಿಗೆ ಆ ಫಾರಂ ಬಗ್ಗೆ ಫೋನಿನಲ್ಲಿ ಹೇಳಿದೆ. "ಅದನ್ನ ಕನ್ನಡದಾಗೆ ಬರ್ದು ಕಳಿಸೋ ತಮ್ಮ, ಜೆರಾಕ್ಸ್ ಮಾಡಿಸ್ಕೋತೀನಿ" ಅಂದಳು. ನನ್ನ ಹೆಂಡತಿಯೂ ನಾನೂ ಕೂತು ಒಂದು ಪುಟಕ್ಕೆ ಇಳಿಸಿದೆವು. ಓದು ಬರಹ ಬರದ ತಾಯಂದಿರೂ ಇರುತ್ತಾರಲ್ಲ, ಅದಕ್ಕೆ ಅಕ್ಕನೇ ಕೇಳಿ ಬರೆದುಕೊಳ್ಳುವ ಹಾಗೆ ಪ್ರಶ್ನೆ ಚಿಕ್ಕದು ಮಾಡಿದೆವು. ನೀರಿಗೆ ಏನಂತೀರಿ? ಹಸಿವಾದರೆ ಏನಂತಾನೆ? ಒಂದಕ್ಕೆ ಹೇಗೆ ಕೇಳ್ತಾನೆ? ಏನು ಕಂಡರೆ ಹೆದರ್ತಾನೆ?

ಒಂಬತ್ತು ಪ್ರಶ್ನೆ ಕಳಿಸಿದ್ದೆವು. ಹೋದ ವಾರ ಅಕ್ಕ ತುಂಬಿದ ಮೊದಲ ಹಾಳೆಯ ಫೋಟೋ ಕಳಿಸಿದಳು. ಹತ್ತು ಇತ್ತು. ಕೊನೆಯದನ್ನು ಅವಳೇ ಪೆನ್ನಿನಲ್ಲಿ ಸೇರಿಸಿದ್ದಳು: "ಅತ್ತಾಗ ಮನೇಲಿ ಯಾರು ಎತ್ಕೊಂತಾರೆ?" ಅದರ ಮುಂದೆ ಉತ್ತರ, ಅಕ್ಕನ ದುಂಡು ಅಕ್ಷರದಲ್ಲಿ: "ಅಜ್ಜ. ಯಾಡಿ ಕಬ್ಬು ಕಡಿಯಾಕೆ ಹೋಗ್ಯಾಳೆ."