ಭೂಮಿ ಒಂದು ತೊಗರಿ ಕಾಳು

ಅಂಗಡಿಯಲ್ಲಿ ಸಿಗುವ ಸೌರಮಂಡಲದ ಚಾರ್ಟ್ ಮೇಲೆ ನನಗೊಂದು ತಕರಾರಿದೆ. ಎಂಟೂ ಗ್ರಹ ಒತ್ತೊತ್ತಾಗಿ ಸಾಲು ನಿಂತಿರುತ್ತವೆ. ಕೆಲವದರಲ್ಲಿ ಪ್ಲೂಟೊ ಇನ್ನೂ ಒಂಬತ್ತನೆಯ ಗ್ರಹವೇ. 2006ರಲ್ಲೇ ಅದನ್ನು ಪಟ್ಟಿಯಿಂದ ಕೈಬಿಟ್ಟ ಸುದ್ದಿ ಪ್ರಿಂಟ್ ಹಾಕುವವರಿಗೆ ಮುಟ್ಟಿದಂತಿಲ್ಲ. ಮಕ್ಕಳು ಬುಧ, ಶುಕ್ರ, ಭೂಮಿ, ಮಂಗಳ ಅಂತ ಗಡಗಡ ಒಪ್ಪಿಸುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಮಕ್ಕಳಿಗೆ ಸಂಜೆ ಪಡುವಣದಲ್ಲಿ ಹೊಳೆಯುವ ಶುಕ್ರನನ್ನು ತೋರಿಸಿ ನೋಡಿ, 'ವಿಮಾನ' ಅನ್ನುತ್ತಾರೆ. ಶಾಲೆಯ ಮುಖ ನೋಡದ ನಮ್ಮ ಅವ್ವ ಮಾತ್ರ 'ಬೆಳ್ಳಿ ಚುಕ್ಕಿ' ಅಂತ ಥಟ್ಟನೆ ಗುರುತಿಸುತ್ತಾಳೆ.

ಕಲಬುರಗಿಯವರಿಗೆ ಚಾರ್ಟ್ ಯಾಕೆ ಬೇಕು ಹೇಳಿ? ಮನೆಯಲ್ಲಿ ತೊಗರಿ ಇದೆ, ಊರ ಹೊರಗೆ ಬಯಲಿದೆ. ಎಳ್ಳಮಾವಾಸ್ಯೆಗೆ ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಈ ಸಲ ಭಜ್ಜಿ, ಸಜ್ಜಿ ರೊಟ್ಟಿ ಉಂಡ ಮೇಲೆ ಅಣ್ಣನ ಮಕ್ಕಳನ್ನು ಬಂಡಿ ದಾರಿಗೆ ಕರೆದುಕೊಂಡು ಹೋದೆ. ಭೂಮಿ ಒಂದು ತೊಗರಿ ಕಾಳು ಅಂತ ಹಿಡಿದರೆ ಸೂರ್ಯ ಸುಮಾರು 70 ಸೆಂಟಿಮೀಟರ್ ಅಗಲ. ದೊಡ್ಡ ಪುಟ್ಟಿಯೊಂದನ್ನು ಬೋರಲು ಹಾಕಿ ಸೂರ್ಯ ಮಾಡಿದೆವು. ಅಲ್ಲಿಂದ 29 ಮೀಟರ್ ದೂರದಲ್ಲಿ ಬುಧ, ಒಂದು ಸಜ್ಜೆ ಕಾಳು. 54 ಮೀಟರಿಗೆ ಶುಕ್ರ, ಅದೂ ತೊಗರಿಯೇ. 75ಕ್ಕೆ ನಮ್ಮ ಭೂಮಿ. ಪಕ್ಕದಲ್ಲಿ ಒಂದು ಗೇಣಿಗೆ ಸ್ವಲ್ಪ ಕಮ್ಮಿ ದೂರಕ್ಕೆ ಚಂದ್ರ ಅಂತ ಸಾಸಿವೆ ಕಾಳು. 114ಕ್ಕೆ ಮಂಗಳ, ಒಂದು ಸಣ್ಣ ಜೋಳದ ಕಾಳು.

ಇಲ್ಲಿತನಕ ಎಲ್ಲರಿಗೂ ಹುರುಪು. ಗುರುವಿಗೆ ಅಂತ ಉಳ್ಳಾಗಡ್ಡಿ ಹಿಡಿದುಕೊಂಡು ಹೊರಟ ಸಣ್ಣವನು ನಡೆದೂ ನಡೆದೂ ಬೇಸತ್ತ. 'ಕಾಕಾ, ನಡುವ ಏನೂ ಇಲ್ಲೇನು?'

'ಒಂದಿಷ್ಟು ಕಲ್ಲು ಅವ. ನಮ್ಮ ಲೆಕ್ಕದಾಗ ಅವು ಬರೇ ಧೂಳು.'

ಗುರು ಇರೋದು 390 ಮೀಟರಿಗೆ. ಆ ಖಾಲಿತನ ಯಾವ ಚಾರ್ಟಿನಲ್ಲೂ ಹಿಡಿಸುವುದಿಲ್ಲ, ಕಾಲು ನೋಯಬೇಕು. ಶನಿ 700 ಮೀಟರ್ ದಾಟಿ. ಮುಂದಕ್ಕೆ ಯಾರೂ ಬರಲೊಲ್ಲರು. ಯುರೇನಸ್, ನೆಪ್ಚೂನ್ ಅಂತ ತಂದಿದ್ದ ಎರಡು ಬಾರೆಹಣ್ಣು ಅಲ್ಲೇ ಅವರ ಹೊಟ್ಟೆಗೆ ಹೋದವು. ನೆಪ್ಚೂನ್ ಇರಬೇಕಾದದ್ದು ಎರಡೂಕಾಲು ಕಿಲೋಮೀಟರಿಗೆ. ಇದೇ ಅಳತೆಯಲ್ಲಿ ಸೂರ್ಯನ ನೆರೆಯ ನಕ್ಷತ್ರ ಎಲ್ಲಿ ಅಂದರೆ 20,000 ಕಿಲೋಮೀಟರ್ ಆಚೆ, ಅಂದರೆ ನಿಜವಾದ ಭೂಮಿಯ ಇನ್ನೊಂದು ಮಗ್ಗುಲಿಗೆ.

ವಾಪಸು ಬಂದಾಗ ಅವ್ವ ಸಿಟ್ಟಾಗಿದ್ದಳು. 'ಹಬ್ಬದ ದಿನ ಆ ಶನಿ ಹೆಸ್ರು ಯಾಕ ತಗೀಲಾಕತ್ತಿ?' ಅವ್ವನ ಭಯಕ್ಕೆ ನಾನು ನಗುವುದಿಲ್ಲ. ಆದರೆ ಅದನ್ನು ಮಕ್ಕಳಿಗೂ ದಾಟಿಸುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಸಾಡೇಸಾತಿಯ, ಅಂದರೆ ಶನಿ ಮೂರು ರಾಶಿ ದಾಟುವ ಏಳೂವರೆ ವರ್ಷದ ಕಾಟದ, ಲೆಕ್ಕ ಹೇಳಿಕೊಟ್ಟೆ. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದರಲ್ಲೂ ಹೆಚ್ಚುಕಮ್ಮಿ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ದುರ್ಬೀನು ಇಲ್ಲದ ಕಾಲದಲ್ಲಿ ಆ ಮಂದ ನಡಿಗೆಯನ್ನು ಅಳೆದವರಿಗೆ ಕೈ ಮುಗಿಯಬೇಕು. ಸಣ್ಣವನು ಬೆರಳು ಮಡಚಿ ಲೆಕ್ಕ ಹಾಕಿ, 'ಹಂಗಾದ್ರ ಶನಿ ಮ್ಯಾಲ ನನಗ ಇನ್ನೂ ಒಂದ್ ವರ್ಷಾನೂ ತುಂಬಿಲ್ಲ!' ಅಂದ. ಅವರ ಆಯಿಗೇ, ಅಂದರೆ ನಮ್ಮ ಅವ್ವನಿಗೇ, ಮೂರು ವರ್ಷ ತುಂಬಿಲ್ಲ ಅಂತ ಗೊತ್ತಾದಾಗಂತೂ ಅವ್ವನೂ ನಕ್ಕಳು.

ನಮ್ಮ ಬಿಸಿಲೂ ಪಾಠಕ್ಕೆ ಬರುತ್ತದೆ. ಮೇ ತಿಂಗಳ 44 ಡಿಗ್ರಿಗೆ ಬೈಯುವಾಗ ಶುಕ್ರನಲ್ಲಿ 460 ದಾಟುತ್ತದೆ ಅನ್ನಿ. ಸೂರ್ಯನಿಗೆ ಹತ್ತಿರ ಇರುವ ಬುಧನಿಗಿಂತ ಶುಕ್ರ ಯಾಕೆ ಹೆಚ್ಚು ಸುಡುತ್ತದೆ ಅಂತ ಕೇಳಿ, ಉತ್ತರ ಮಾತ್ರ ಆ ದಿನವೇ ಹೇಳಬೇಡಿ. ದಟ್ಟವಾದ ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೊರಗೆ ಬಿಡುವುದಿಲ್ಲ ಅನ್ನೋದನ್ನು ಒಂದೆರಡು ದಿನ ತಲೆ ಕೆರೆದುಕೊಂಡ ಮೇಲೆ ಕೇಳಿದರೆ ಚೆಂದ.

ದುರ್ಬೀನಿಗೆ ಎಷ್ಟಾಗುತ್ತದೆ ಅಂತ ಕೇಳುವವರಿಗೆ: ಮೊದಲು ಯಾರದಾದರೂ ಬೈನಾಕ್ಯುಲರ್ ಇಸಕೊಳ್ಳಿ. ಮಾಳಿಗೆಯ ಗೋಡೆಗೆ ಒತ್ತಿ ಅಲುಗದಂತೆ ಹಿಡಿದರೆ 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರರು ಸಿಗುತ್ತಾರೆ. ಶನಿಯ ಉಂಗುರಕ್ಕೆ ದುರ್ಬೀನೇ ಬೇಕು. ಡಬ್ಬಿ ಮೇಲೆ ದೊಡ್ಡ ದೊಡ್ಡ ಅಂಕಿ ಹೊಡೆದ ಆಟಿಕೆ ದುರ್ಬೀನು ಮಾತ್ರ ತರಬೇಡಿ, ಅದರ ಸ್ಟ್ಯಾಂಡ್ ಅಲುಗಾಡಿ ಗ್ರಹ ಕಣ್ಣಿಗೆ ನಿಲ್ಲುವುದೇ ಇಲ್ಲ.