ಪೊರೆ ಕರಗಿಸುವ ಡ್ರಾಪ್ಸ್: ಒಂದು ಸ್ಪಷ್ಟನೆ

"ಈ ಡ್ರಾಪ್ಸ್ ಹಾಕಿದರೆ ಕಣ್ಣಿನ ಪೊರೆ ಕರಗುತ್ತದೆ, ಆಪರೇಷನ್ ಬೇಡ, ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ" ಎಂಬ ಸಂದೇಶ ಮತ್ತೆ ಓಡಾಡುತ್ತಿದೆ. ಇದು ಸರಿಯಲ್ಲ.

ಇದರ ಮೂಲ 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಲ್ಯಾನೋಸ್ಟೆರಾಲ್ ಎಂಬ ವಸ್ತು ಪೊರೆಯನ್ನು ತಿಳಿಗೊಳಿಸಬಹುದು ಎಂದು ಅದು ಹೇಳಿತ್ತು. ಆದರೆ ಪ್ರಯೋಗ ನಡೆದದ್ದು ನಾಯಿಗಳ ಮೇಲೆ ಮತ್ತು ಹೊರತೆಗೆದ ಮೊಲದ ಕಣ್ಣಿನ ಮಸೂರಗಳ (ಲೆನ್ಸ್) ಮೇಲೆ. ನಾಯಿಗಳಿಗೂ ಬರೀ ಡ್ರಾಪ್ಸ್ ಹಾಕಿರಲಿಲ್ಲ, ಕಣ್ಣಿನೊಳಗೆ ಇಂಜೆಕ್ಷನ್ ಕೂಡ ಕೊಟ್ಟಿದ್ದರು. ಸಂದೇಶದಲ್ಲಿ ಈ ಮಾತೇ ಇಲ್ಲ! ಅದೇ ವರ್ಷ ಬೇರೆ ವೈದ್ಯರು ಆಪರೇಷನ್‌ನಲ್ಲಿ ತೆಗೆದ ಮನುಷ್ಯರ ಪೊರೆಯನ್ನೇ ಲ್ಯಾನೋಸ್ಟೆರಾಲ್ ದ್ರಾವಣದಲ್ಲಿಟ್ಟು ನೋಡಿದರು. ಅದು ತಿಳಿಯಾಗಲಿಲ್ಲ. 2019ರಲ್ಲಿ ಇಲಿಗಳ ಮಸೂರದ ಮೇಲೆ ನಡೆದ ಪ್ರಯೋಗವೂ ವಿಫಲವಾಯಿತು.

ಪೊರೆ ಕರಗಿಸುತ್ತದೆ ಎನ್ನಲಾಗುವ ಇನ್ನೊಂದು ಔಷಧ, ಎನ್-ಅಸಿಟೈಲ್‌ಕಾರ್ನೋಸಿನ್ ಡ್ರಾಪ್ಸ್ ಕಥೆಯೂ ಅಷ್ಟೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಗೆ ನಂಬುವಂಥ ಪುರಾವೆ ಸಿಗಲಿಲ್ಲ.

ಮಸೂರದ ಪ್ರೋಟೀನುಗಳು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಂಟುಕಟ್ಟುವುದೇ ಪೊರೆ. ಬಿಡಿಸುವುದು ಸುಲಭವಲ್ಲ. ಸಂಶೋಧನೆ ನಡೆಯಲಿ, ಖಂಡಿತ ಬೇಕು. ಆದರೆ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರ ಚಿಕಿತ್ಸೆ ಎಂದು ಹಂಚುವುದು ಅಪಾಯ ಅಲ್ವಾ? ಡ್ರಾಪ್ಸ್ ನಂಬಿ ಕಾದರೆ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗಬಹುದು. ಕೆಲವರಿಗೆ ಮಸೂರ ಊದಿ ಕಣ್ಣಿನ ಒತ್ತಡ ದಿಢೀರ್ ಏರುತ್ತದೆ. ಆಗ ಕಣ್ಣಿನ ನರಕ್ಕೆ ಹಾನಿಯಾಗಿ ಹೋದ ದೃಷ್ಟಿ ಮರಳುವುದಿಲ್ಲ.

ಪೊರೆ ಇದೆ ಎಂದರೆ ನಾಳೆಯೇ ಆಪರೇಷನ್ ಎಂದೇನಲ್ಲ. ಶುರುವಿನಲ್ಲಿ ಕನ್ನಡಕ ಬದಲಿಸಿದರೆ ಸಾಕಾಗಬಹುದು. ಕಣ್ಣಿನ ಡಾಕ್ಟರ್ ಪರೀಕ್ಷಿಸಿ ಹೇಳುತ್ತಾರೆ.